ಮಗ್ಗದ ಕಾಲು, ಕಾರಿನ ಬ್ರೇಕು

ಅಪ್ಪಾ,

ನೀನು ತೀರಿಕೊಂಡ ಮೇಲೆ ನಾನು ಹೀಗೆ ನಕ್ಕಿರಲಿಲ್ಲ. ಕಾರು ಶೋಷಕರ ಸೊತ್ತೆಂದು ಕರಪತ್ರ ಹಂಚುತ್ತಿದ್ದ ನಾನೇ ಇವತ್ತು ಅಕ್ಕನ ಜೊತೆ ಹಿಂದೂಪುರದಲ್ಲಿ ಹಳೇ ಕಾರು ನೋಡಿದೆ. ಅವಳ ಪೋಲಿಯೋ ಎಡಗಾಲು ಬಸ್ಸಿನ ಮೆಟ್ಟಿಲು ಹತ್ತಲೊಲ್ಲದು, ಕ್ಲಚ್ಚೂ ಒತ್ತಲೊಲ್ಲದು. ಕ್ಲಚ್ಚಿಲ್ಲದ ಆಟೋಮ್ಯಾಟಿಕ್ ಕಾರು ಸಿಗದಿದ್ದರೆ ಅವಳು ಕಂಬದೂರಿನ ಶಾಲೆಯ ಟೀಚರ್ ಕೆಲಸವನ್ನೇ ಬಿಡಬೇಕಿತ್ತು.

ಗೇರ್‌ಬಾಕ್ಸಿನ ಎಣ್ಣೆ ಮೂಸಿದೆ, ಸುಟ್ಟ ವಾಸನೆಯಿರಲಿಲ್ಲ. ಆದರೆ ಓಡಿಸಿದರೆ ಕಾರು ಮಾರಿಗೊಮ್ಮೆ ಮುಗ್ಗರಿಸಿತು. ಗೇರ್‌ಬಾಕ್ಸ್ ಕೆಟ್ಟಿದೆ, ಇದು ಮೋಸ ಎಂದು ಮಾರುವ ಬೈಲಪ್ಪನ ಮೇಲೆ ಹಾರಾಡಿದೆ.

ಅವನು ಬಗ್ಗಿ ನನ್ನ ಕಾಲು ನೋಡಿದ. "ಗೇರೇನೂ ಕೆಟ್ಟಿಲ್ಲ ಕಣಪ್ಪ. ಬಲಗಾಲು ಎತ್ತಿದಾಗೆಲ್ಲ ನಿನ್ನ ಎಡಗಾಲು ಬ್ರೇಕ್ ತುಳೀತೈತೆ. ಮಗ್ಗದೋರ ಹುಡುಗನಾ ನೀನು?"

"ಇಳಿಯೋ ಕೆಳಗೆ," ಎಂದಳು ಅಕ್ಕ. "ನನ್ನ ಎಡಗಾಲು ಯಾವ ಮಗ್ಗಾನೂ ತುಳಿದಿಲ್ಲ. ನಾನ್ ಓಡಿಸ್ತೀನಿ."

ಲೇಪಾಕ್ಷಿಗೆ ಹೋಗಿಬಂದರೂ ಕಾರು ಒಮ್ಮೆಯೂ ಮುಗ್ಗರಿಸಲಿಲ್ಲ. ಕೊಂಡೆವು.

ಹತ್ತು ವರ್ಷ ಗುಂಡಿಮಗ್ಗದಲ್ಲಿ ನಿನ್ನ ಪಕ್ಕ ಕೂತು, ಒಂದು ಕಾಲೆತ್ತಿದಾಗೆಲ್ಲ ಇನ್ನೊಂದರಲ್ಲಿ ಹಲಗೆ ತುಳಿದು, ನೀನು ಕಲಿಸಿದ್ದೆಲ್ಲ ದುಡಿಸಿಕೊಳ್ಳುವ ಉಪಾಯವೆಂದು ಹೇಳಿ, ಆ ಗುಂಡಿಯಿಂದ ಎದ್ದುಹೋದವನು ನಾನು. ಎಡಗಾಲನ್ನು ಮಡಚಿಟ್ಟುಕೊಂಡರೆ ಅಭ್ಯಾಸ ಬಿಟ್ಟುಹೋಗುತ್ತದೆ ಎಂದ ಬೈಲಪ್ಪ. ನಾನು ನಮ್ಮ ಕಲ್ಯಾಣದುರ್ಗದವರೆಗೂ ಅಕ್ಕನ ಪಕ್ಕ ಕೂತು, ಎರಡೂ ಕಾಲಲ್ಲಿ ಇಲ್ಲದ ಮಗ್ಗವನ್ನು ತುಳಿಯುತ್ತ ಬಂದೆ.