ನಿಂತದ್ದು ಮುಟ್ಟು, ಬಸಿರಲ್ಲ

ತಾಲ್ಲೂಕು ಆರೋಗ್ಯಾಧಿಕಾರಿಗಳೇ,

ಐವತ್ತೊಂದು ವರ್ಷದ ನನ್ನನ್ನು ತಮ್ಮ ಇಲಾಖೆ ಬಸುರಿ ಮಾಡಿದೆ. ಊರಿಗೆಲ್ಲ ಸುದ್ದಿಯಾಗಿ ಮುಚ್ಚಿಡಲು ಏನೂ ಉಳಿಯದ ಕಾರಣ ಈ ಪತ್ರವನ್ನು ಪತ್ರಿಕೆಗೇ ಕಳಿಸುತ್ತಿದ್ದೇನೆ.

ಮಾರ್ಚ್ ಕೊನೆಯಲ್ಲಿ ತಮ್ಮ ನರ್ಸಮ್ಮನವರು ಜಗಲಿಯಿಂದಲೇ, "ಮನೇಲಿ ಯಾರಿಗಾದ್ರೂ ಮುಟ್ಟು ನಿಂತೈತಾ?" ಎಂದು ಕೂಗಿದರು. ಒಳಗೆ ಮುದ್ದೆ ತೊಳಸುತ್ತಿದ್ದ ನಾನು, "ನಂದು ನಿಂತು ಐದು ತಿಂಗ್ಳಾಯ್ತು ಕಣವ್ವ" ಎಂದೆ. ಒಳಗೆ ಇಣುಕಿದ್ದರೆ ನರೆತ ತಲೆ ಕಾಣುತ್ತಿತ್ತು. ಆದರೆ ಅವರಿಗೆ ಗುರಿ ಮುಟ್ಟುವ ಅವಸರ. ಐದು ತಿಂಗಳ ಗರ್ಭಿಣಿ ಎಂದು ಬರೆದುಕೊಂಡು ಹೋದರು. ಮಾರನೆಯ ದಿನ ಅಂಗನವಾಡಿಯಿಂದ ಪೌಷ್ಟಿಕ ಹಿಟ್ಟು ಬಂತು.

ವಯಸ್ಸಾದಾಗಲೂ ಮುಟ್ಟು ನಿಲ್ಲುತ್ತದೆ ಎಂಬ ಸಂಗತಿ ಆರೋಗ್ಯ ಇಲಾಖೆಗೇ ಗೊತ್ತಿಲ್ಲವೇ? ಶ್ರೀರಂಗಪಟ್ಟಣದ ಡಾಕ್ಟರಮ್ಮ ನನಗೆ ಬಿಡಿಸಿ ಹೇಳಿದ್ದರು: ಇದು ಹಾರ್ಮೋನು ಇಳಿಯುವ ಕಾಲ, ಮೈ ಭಗ್ಗೆನ್ನುತ್ತದೆ, ಬೆವರು ಕಿತ್ತುಕೊಂಡು ಬರುತ್ತದೆ, ಕಾರಣವಿಲ್ಲದೆ ಸಿಟ್ಟು ಬರುತ್ತದೆ, ಹೆದರಬೇಡಿ ಎಂದು. ಆ ಸಿಟ್ಟಿಗೆ ಕಾರಣವನ್ನೂ ಈಗ ತಾವೇ ಒದಗಿಸಿದ್ದೀರಿ.

ನಮ್ಮ ಯಜಮಾನರು ಚಲುವರಾಜು ಹದಿನೈದು ವರ್ಷದ ಹಿಂದೆ ಸರ್ಕಾರಿ ಶಿಬಿರದಲ್ಲೇ ಆಪರೇಷನ್ ಮಾಡಿಸಿಕೊಂಡವರು. ಡೇರಿ ಮುಂದೆ ಅವರ ಗೆಳೆಯ ಕುಳ್ಳಯ್ಯ, "ಅಂಗಾದ್ರೆ ಆಪ್ರೇಸನ್ ಸುಳ್ಳೋ ಬಸ್ರು ಸುಳ್ಳೋ, ಯೋಳ್ಲಾ!" ಎಂದನಂತೆ. ಅಂದಿನಿಂದ ಹಾಲು ಹಾಕಲು ನಾನೇ ಹೋಗುತ್ತಿದ್ದೇನೆ.

ಇಷ್ಟಾಗಿದ್ದರೆ ನಕ್ಕು ಸುಮ್ಮನಾಗುತ್ತಿದ್ದೆ. ಆದರೆ ನನ್ನ ಮಗಳು ಮಮತಳನ್ನು ನೋಡಿ ಒಪ್ಪಿದ್ದ ಬಿಂಡಿಗನವಿಲೆಯವರು ಹೇಳಿಕಳಿಸಿದ್ದಾರೆ: "ಮೊದ್ಲು ಬೀಗ್ತಿ ಬಾಣಂತನ ಮುಗೀಲಿ, ಆಮ್ಯಾಕೆ ಮದ್ವೆ ಮಾತಾಡನ." ಕೇಳಿ ಮಮತ ಅತ್ತಳು. ನನಗೂ ತಡೆಯಲಾಗಲಿಲ್ಲ.

ಹೆಸರು ತೆಗೆಯಿರೆಂದು ಕಚೇರಿಗೆ ಬಂದರೆ ತಮ್ಮ ಗುಮಾಸ್ತರು, "ತೆಗೆಯೋಕೆ ಮೂರೇ ಕಲಮು ಇರೋದು ಕಣಮ್ಮ. ಹೆರಿಗೆ, ಗರ್ಭಪಾತ, ಇಲ್ಲಾ ಮರಣ" ಎಂದರು. ಮಾನ್ಯರೇ, ಮೂರರಲ್ಲಿ ಯಾವುದನ್ನು ಮಾಡಿಕೊಂಡು ಬರಲಿ?

'ವಯಸ್ಸಾಗಿದೆ' ಎಂಬ ನಾಲ್ಕನೆಯ ಕಲಮು ಸೇರಿಸಿ ನನ್ನ ಹೆಸರು ಹೊಡೆದುಹಾಕಿ. ಹಾಗೆಂದು ಬರೆದು, ಮೊಹರು ಒತ್ತಿ, ತಾವೇ ಬಿಂಡಿಗನವಿಲೆಗೆ ಹೋಗಿ ಬೀಗರ ಕೈಗೆ ಕೊಟ್ಟು ಬನ್ನಿ. ಇಲ್ಲವಾದರೆ ತಮ್ಮ ಲೆಕ್ಕದ ಪ್ರಕಾರ ಜುಲೈಗೆ ನನಗೆ ದಿನ ತುಂಬುತ್ತದೆ. ಚಾಪೆ ತಂದು ತಮ್ಮ ಕಚೇರಿಯಲ್ಲೇ ಮಲಗುತ್ತೇನೆ. ಬಾಣಂತನ ತಮ್ಮದು.

ಇಂತಿ,
ತಮ್ಮ ಕಡತದಲ್ಲಿ ಏಳು ತಿಂಗಳು ತುಂಬಿರುವ
ಸರಸಮ್ಮ
ಮೇ ೧೯೯೫