ಲಿಫ್ಟಪ್ಪ, ಮೆಟ್ಟಿಲಮ್ಮ

ಭಾನುವಾರ, ಮಧ್ಯಾಹ್ನ

ಮುದ್ದು ಗುಬ್ಬಚ್ಚಿಗೆ ಅಮ್ಮನ ಮುತ್ತು,

ನಾನು ಚೆನ್ನಾಗಿದ್ದೇನೆ. ಮಂಡಿ ಮಾತ್ರ ಹೇಳಿದ ಮಾತು ಕೇಳುತ್ತಿಲ್ಲ. ಈ ಮನೆಯಲ್ಲಿ ನನ್ನ ಮಾತನ್ನು ಯಾರು ಕೇಳಿದ್ದಾರೆ, ಅದೊಂದು ಕೇಳುವುದಕ್ಕೆ! ಇರಲಿ. ಬರೆಯಲು ಕೂತದ್ದು ಬೇರೆ ವಿಷಯಕ್ಕೆ. ನಮ್ಮ ‘ಮೇಲೆ ಕೆಳಗೆ’ ಧಾರಾವಾಹಿಯನ್ನು ಯಾರೋ ಪುಣ್ಯಾತ್ಮರು ಇಂಟರ್‌ನೆಟ್ಟಿಗೆ ಹಾಕಿದ್ದಾರೆ. ನೀನು ನೋಡಲೇಬೇಕು. ಅದು ಬರುತ್ತಿದ್ದಾಗ ನೀನು ಅಜ್ಜಿಯ ಮನೆಯಿಂದ ಶಾಲೆಗೆ ಹೋಗುತ್ತಿದ್ದೆ. ಅಜ್ಜಿಯೋ, ಟಿ.ವಿ.ಯನ್ನು ಹೊಸ್ತಿಲು ದಾಟಿಸಿದವರಲ್ಲ. ಅಪ್ಪ ಅಮ್ಮ ಬೊಂಬೆಗಳಿಗೆ ಧ್ವನಿ ಕೊಡುತ್ತಾರೆ ಎಂದಷ್ಟೇ ನಿನಗೆ ಗೊತ್ತಿತ್ತು.

ಕಥೆ ಕೇಳು. ಒಂದು ಹಳೆಯ ಕಟ್ಟಡ. ಅಲ್ಲಿನ ಲಿಫ್ಟಿಗೂ ಮೆಟ್ಟಿಲಿಗೂ ಮಾತು ಬರುತ್ತದೆ. ಲಿಫ್ಟಪ್ಪನಿಗೆ ಜಂಬ ಜಾಸ್ತಿ, ಪುಕ್ಕಲುತನ ಅದಕ್ಕಿಂತ ಜಾಸ್ತಿ. ಗುಡುಗಿದರೆ ಸಾಕು, ಎರಡು ಮಹಡಿಗಳ ನಡುವೆ ನಿಂತುಬಿಡುತ್ತಾನೆ. ಮೆಟ್ಟಿಲಮ್ಮ ಬೈದುಕೊಂಡೇ ಹಾಡು ಹೇಳಿ ಅವನನ್ನು ಕೆಳಗಿಳಿಸುತ್ತಾಳೆ. ಲಿಫ್ಟಿನಲ್ಲಿ ಒತ್ತಲು ಗುಂಡಿಯೇ ಇಲ್ಲದ ಒಂದು ಮಹಡಿಯಿದೆ. ಊರಿನವರು ಕಳೆದುಕೊಂಡ ಒಂಟಿ ಕಾಲುಚೀಲಗಳೆಲ್ಲ ಅಲ್ಲಿ ಸಂಸಾರ ಹೂಡಿವೆ. ಒಬ್ಬ ದರ್ಜಿ ಮೋಡಗಳಿಗೆ ಅಂಗಿ ಹೊಲಿಯುತ್ತಾನೆ, ಯಾವ ಮೋಡವೂ ಅಳತೆ ಕೊಡಲು ನೆಟ್ಟಗೆ ನಿಲ್ಲುವುದಿಲ್ಲ. ನಕ್ಕು ನಕ್ಕು ಹೊಟ್ಟೆ ಹುಣ್ಣಾಗದಿದ್ದರೆ ಕೇಳು.

ಲಿಫ್ಟಪ್ಪ ನಿನ್ನ ಅಪ್ಪ. ಮೆಟ್ಟಿಲಮ್ಮ ನಾನು.

ಸ್ಟುಡಿಯೋದಲ್ಲಿ ಇದ್ದದ್ದು ಒಂದೇ ಮೈಕು. ಇಬ್ಬರೂ ಭುಜಕ್ಕೆ ಭುಜ ತಾಗಿಸಿ ನಿಲ್ಲಬೇಕಿತ್ತು. ಕಾಗದ ಸರಿಸಿದರೂ ಸದ್ದಾಗುತ್ತಿತ್ತು, ಹಾಗಾಗಿ ಮಾತೆಲ್ಲ ಬಾಯಿಪಾಠ. ನನ್ನ ಸರದಿ ಬಂದಾಗ ನಿನ್ನ ಅಪ್ಪ ಮೊಣಕೈಯಿಂದ ಮೆಲ್ಲಗೆ ತಿವಿಯುತ್ತಿದ್ದರು. ಈಗ ಒಬ್ಬಳೇ ನಿಂತು ಮಾತಾಡುತ್ತೇನೆ. ತಿವಿಯುವವರಿಲ್ಲದೆ ಎಷ್ಟೋ ಸಲ ತಡವಾಗಿ ಬಾಯಿ ತೆರೆಯುತ್ತೇನೆ. ಮೇಡಂ, ನಿದ್ದೆ ಬಂತಾ ಅಂತ ರೆಕಾರ್ಡಿಂಗ್ ಹುಡುಗಿ ನಗುತ್ತಾಳೆ.

ಆಗೆಲ್ಲ ಮನೆಯಲ್ಲಿ ಊಟಕ್ಕೆ ಕೂತಾಗಲೂ ನಮ್ಮದು ಅಭ್ಯಾಸ ನಡೆದೇ ಇರುತ್ತಿತ್ತು. ಒಂದು ಕಂತಿನಲ್ಲಿ ಲಿಫ್ಟಪ್ಪನಿಗೂ ಮೆಟ್ಟಿಲಮ್ಮನಿಗೂ ದೊಡ್ಡ ಜಗಳ. ನನ್ನ ಹತ್ರ ಒಂದಿನಾದ್ರೂ ನೆಟ್ಟಗೆ ಮಾತಾಡಿದ್ದೀಯಾ ಅಂತ ಅವರು ಕೇಳಿದರು. ಅದು ಬರೆದುಕೊಟ್ಟ ಮಾತು. ಕೇಳಿಸ್ಕೊಳ್ಳೋಕೆ ನೀವು ಮನೇಲಿ ಯಾವಾಗ ಇರ್ತೀರಿ ಅಂದೆ ನಾನು. ಅದನ್ನು ಯಾರೂ ಬರೆದುಕೊಟ್ಟಿರಲಿಲ್ಲ. ಆಮೇಲೆ ಇಬ್ಬರ ಬಾಯಿಗೂ ತಡೆಯೇ ಇರಲಿಲ್ಲ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ. ಅವತ್ತು ಇಬ್ಬರೂ ಉಣ್ಣಲಿಲ್ಲ.

ಮರುದಿನ ಆ ಕಂತಿಗೆ ಧ್ವನಿ ಕೊಟ್ಟೆವು. ಜಗಳ ಅಂದ್ರೆ ಇದಪ್ಪಾ ಅಂತ ನಿರ್ದೇಶಕರು ಚಪ್ಪಾಳೆ ತಟ್ಟಿದರು. ಮುಂದಿನ ಕಂತಿನಲ್ಲಿ ರಾಜಿ ಆಗಬೇಕಿತ್ತು. ಅಷ್ಟರಲ್ಲಿ ಚಾನೆಲ್ಲಿಗೆ ಹೊಸ ಯಜಮಾನರು ಬಂದು, ನಮ್ಮ ಧಾರಾವಾಹಿಯನ್ನು ನಿಲ್ಲಿಸಿ, ಆ ಜಾಗದಲ್ಲಿ ಅತ್ತೆ ಸೊಸೆಯರ ಕಣ್ಣೀರು ತಂದು ಸುರಿದರು. ನಾವು ಬೇರೆಯವರು ಬರೆದ ಮಾತಿನಲ್ಲೇ ಹೊಟ್ಟೆ ಹೊರೆದವರು ಕಣೇ. ರಾಜಿಯ ಮಾತನ್ನು ಯಾರೂ ಬರೆದುಕೊಡದಿದ್ದಾಗ ಬಾಯಿ ಕಟ್ಟಿಹೋಯಿತು. ನಿನ್ನ ಅಪ್ಪ ಮೊದಲು ಅವರ ತಮ್ಮನ ಮನೆಗೆ ಹೋದರು, ಆಮೇಲೆ ಊರನ್ನೇ ಬಿಟ್ಟರು.

ನಿನ್ನೆ ಎಲ್ಲ ಕಂತುಗಳನ್ನೂ ಹಾಕಿದೆ. ಅವರ ಧ್ವನಿ ಈ ಮನೆಯೊಳಗೆ ಕೇಳಿ ಎಷ್ಟು ವರ್ಷವಾಗಿತ್ತು! ಅಡುಗೆಮನೆಗೆ ಹೋಗಿ ಅಲ್ಲಿಂದ ಕೇಳಿದೆ. ಬಟ್ಟೆ ಒಣಹಾಕುವ ನೆಪದಲ್ಲಿ ಬಾಲ್ಕನಿಯಿಂದ ಕೇಳಿದೆ. ಅವರು ಇದ್ದಾಗ ಎಲ್ಲೆಲ್ಲಿಂದ ಕೇಳುತ್ತಿತ್ತೋ ಅಲ್ಲೆಲ್ಲ ನಿಂತು ಬಂದೆ. ಆಸೆ ತೀರಲಿಲ್ಲ.

ಈಗ ನಿನ್ನ ಮನೆಯಲ್ಲಿರುವ ಅಪ್ಪನಿಗೆ ಕಣ್ಣಿನ ಆಪರೇಷನ್ ಆಗಿದೆ, ಟಿ.ವಿ. ನೋಡಬಾರದು, ಪೇಪರನ್ನೂ ನೀನೇ ಓದಿ ಹೇಳುತ್ತೀಯಂತೆ. ನೋಡಬಾರದು, ಸರಿ. ಕೇಳಬಾರದು ಅಂತ ಡಾಕ್ಟರು ಹೇಳಿಲ್ಲವಲ್ಲ? ನೀನು ನೋಡುವಾಗ ಸದ್ದು ಸ್ವಲ್ಪ ಜೋರಾಗಿಡು. ನಾನು ಹೇಳಿದೆ ಅಂತ ಮಾತ್ರ ಅನ್ನಬೇಡ.

ಇಂತಿ ನಿನ್ನ,
ಬಾಯಿಬಡುಕಿ ಅಮ್ಮ

ತಾ.ಕ.: ಬೇಡ, ನಾನೇ ಹೇಳಿದೆ ಅನ್ನು. ಈ ಮುಂದಿನದನ್ನು ಅವರ ಪಕ್ಕದಲ್ಲಿ ಕೂತು ಓದು. ರೀ, ನನಗೆ ನೀವು ಬೇಕು. ಕಣ್ಣಿನ ಪಟ್ಟಿ ಬಿಚ್ಚಿದ ಮೇಲೆ ಮನೆಗೆ ಬಂದುಬಿಡಿ. ಗುಬ್ಬಚ್ಚಿ, ಅಪ್ಪ ಏನಂದರು ಅಂತ ನೀನು ನನಗೆ ಬರೆಯಬೇಡ. ಫೋನನ್ನು ಅವರ ಕೈಗೆ ಕೊಡು.