ಗುಜರಿಗೆ ಹೋದ ಗೇರು

ವಿದ್ಯಾರಣ್ಯಪುರಂ,
ಭಾನುವಾರ

ಸಿದ್ದಪ್ಪಾಜಿ ಭಾವನವರಿಗೆ ನಮಸ್ಕಾರ.

ಫೋನಿನಲ್ಲಾದರೆ ನನ್ನ ದನಿ ಏರಬಹುದೆಂದು ಬರೆಯುತ್ತಿದ್ದೇನೆ. ನನ್ನ ಪಿಕಪ್ ಗಾಡಿಯ ಹಿಂದಿನ ಚಕ್ರಗಳ ನಡುವಿನ ಡಿಫರೆನ್ಷಿಯಲ್ ಗೇರುಗಳು ಮತ್ತೆ ಊಳಿಡುತ್ತಿವೆ. ಹಿನಕಲ್ ಮೇಲ್ಸೇತುವೆ ಹತ್ತುವಾಗ ಹಳೆಯ ಗೇರುಗಳು ಮಾಡುತ್ತಿದ್ದ ಸದ್ದೇ ಅದು. ಹೊಸದಕ್ಕೆಂದು ನನ್ನಿಂದ ದುಡ್ಡು ಪಡೆದು, ಅವನ್ನು ಬದಲಿಸಿದೆನೆಂದು ಯುಗಾದಿಯಲ್ಲಿ ಹೇಳಿದಿರಿ. ನಿಮ್ಮ ಗ್ಯಾರೇಜಿಗೆ ಬಂದದ್ದು ಯಾರ ಗಾಡಿಯಾದರೂ ಸರಿ, ಬಿಚ್ಚಿದ ಹಳೆ ಸಾಮಾನನ್ನು ಪೇಪರಿನಲ್ಲಿ ಸುತ್ತಿ ಕೈಗೆ ಕೊಡುವವರು ನೀವು. ನನಗೆ ಮಾತ್ರ ಕೊಡಲಿಲ್ಲ. ಕೇಳಿದ್ದಕ್ಕೆ, "ಗುಜರಿಗೆ ಹಾಕ್ಬುಟ್ಟೆ ಕಣೋ, ಅದನ್ನೇನು ದೇವ್ರಮನೇಲಿ ಇಟ್ಕೋತಿದ್ಯಾ?" ಎಂದು ನಕ್ಕಿರಿ. ಅಕ್ಕ ನಗಲಿಲ್ಲ.

ಈ ಸಲ ನಾನೇ ಬದಲಿಸೋಣವೆಂದು ಹೊಸ ಗೇರು ತಂದೆ. ಜಾಕ್ ಕೊಟ್ಟು, ಎಣ್ಣೆ ಇಳಿಸಿ, ಸ್ಪ್ಯಾನರ್ ಹಿಡಿದು ಗಾಡಿಯಡಿ ಮಲಗಿದವನು ಹಾಗೆಯೇ ಎದ್ದುಬಂದೆ. ಒಳಗಿರುವುದು ಹಳೆಯದೇ ಎಂದು ಕಣ್ಣಾರೆ ಕಂಡರೆ ನಾನು ನಿಮ್ಮ ಮನೆಗೆ ಬರಲಾರೆ, ಅಕ್ಕ ಇಲ್ಲಿಗೆ ಬರಲಾರಳು.

ಆದ್ದರಿಂದ ನೀವೇ ಬಂದು ಬಿಚ್ಚಿ. ಹೊಸ ಗೇರನ್ನು ಗಾಡಿಯ ಪಕ್ಕದಲ್ಲೇ ಇಟ್ಟಿರುತ್ತೇನೆ. ಅಕ್ಕನನ್ನೂ ಕರೆತನ್ನಿ. ನೀವು ಕೆಲಸ ಮುಗಿಸುವವರೆಗೆ ನಾವಿಬ್ಬರೂ ಅಡುಗೆಮನೆಯಲ್ಲಿರುತ್ತೇವೆ. ಬಿಚ್ಚಿದ್ದನ್ನು ನನಗೆ ತೋರಿಸುವುದು ಬೇಡ. ಹೋಗುವಾಗ ದಾರಿಯಲ್ಲಿ, ಈ ಸಲ ನಿಜವಾಗಿಯೂ, ಗುಜರಿಗೆ ಹಾಕಿಬಿಡಿ.

ನಿಮ್ಮ ಭಾವಮೈದುನ,
ಧರಣೇಶ